ಖಾಲಿ ಮನೆ ಕುಡಿದ ನೀರು

ಮಾಲ್ಖಾಜ್ ತಿಂಗಳ ಮೊದಲ ವಾರ ಲೆಕ್ಕ ಕಳಿಸುತ್ತಾನೆ.
ಮುತ್ತಿನಂಥ ಅಕ್ಷರ. ಮೊದಲು ಅನುಮಾನ ತಂದದ್ದೇ ಅದು.
ಅಡುಗೆಮನೆ ನಲ್ಲಿ, ವಾಷರ್ ಬದಲು: ನಲವತ್ತು.
ಮತ್ತೆ ಅದೇ ನಲ್ಲಿ, ಅದೇ ವಾಷರ್: ನಲವತ್ತೈದು.
ಹನ್ನೊಂದು ತಿಂಗಳಲ್ಲಿ ಏಳು ಸಲ ರಿಪೇರಿಯಾದ ನಲ್ಲಿ
ಈಗ ಇಡೀ ಕುಟಾಯಿಸಿಗೇ ಗಟ್ಟಿಮುಟ್ಟಾದ ನಲ್ಲಿ ಆಗಿರಬೇಕು.

ಆ ಮನೆಯನ್ನು ನಾನು ಕೊಂಡದ್ದು ಫೋನಿನಲ್ಲಿ.
ನಾಲ್ಕನೇ ಮಹಡಿ, ಎರಡು ಕೋಣೆ,
ಅಡುಗೆಮನೆ ಕಿಟಕಿಯಿಂದ ಕತ್ತು ಚಾಚಿದರೆ
ರಿಯೋನಿ ನದಿ ಕಾಣುತ್ತದಂತೆ.
ನಾನು ಚಾಚಿಲ್ಲ. ಒಂದು ರಾತ್ರಿಯೂ ಅಲ್ಲಿ ಮಲಗಿಲ್ಲ.
ಸಲೆರ್ನೊದಲ್ಲಿ ಒಂಬತ್ತು ವರ್ಷ
ಬೇರೆಯವರ ಬೆನ್ನು ಉಜ್ಜಿ, ಬೇರೆಯವರ ಹಲ್ಲುಸೆಟ್ಟು ತೊಳೆದು,
ವಾರಕ್ಕೊಂದು ಭಾನುವಾರ ಮಧ್ಯಾಹ್ನ ಮಾತ್ರ ನನ್ನದೆನಿಸಿಕೊಂಡು
ಕಟ್ಟಿದ ಕಂತಿಗೆ ಬಂದ ಗೋಡೆಗಳು.
ಅವುಗಳ ಬಣ್ಣ ಯಾವುದೆಂದು ಮಾಲ್ಖಾಜನನ್ನೇ ಕೇಳಬೇಕು.

ನವೆಂಬರಿನಲ್ಲಿ ಬರೆದ: ಬಾಡಿಗೆಯವರು ಬಿಟ್ಟು ಹೋದರು.
ಡಿಸೆಂಬರ್: ಖಾಲಿ.
ಜನವರಿ: ಖಾಲಿ, ಕಲ್ಬಾತೊನೊ ತ್ಸಿಯಾಲಾ,
ಈ ಚಳಿಯಲ್ಲಿ ಯಾರು ಮನೆ ಬದಲಿಸುತ್ತಾರೆ?
(ಗೌರವಕ್ಕೆಂದೂ ಅವನಲ್ಲಿ ಕೊರತೆಯಿಲ್ಲ.)
ಫೆಬ್ರವರಿಗೆ ಆ ಪದವನ್ನೂ ಬಿಟ್ಟು ಒಂದು ಗೆರೆ ಎಳೆದ.

ಆಮೇಲೆ ನೀರಿನ ಬಿಲ್ಲು, ಅವನ ಕೈತಪ್ಪಿ, ನೇರ ನನಗೇ ಬಂತು.
ಹದಿನಾಲ್ಕು ಘನ ಮೀಟರ್.
ಖಾಲಿ ಮನೆಗೆ ಇಷ್ಟೊಂದು ಬಾಯಾರಿಕೆಯೆ?
ಗೋಡೆಗಳು ಮೀಯುತ್ತವೆಯೆ?
ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು ಎಂದುಕೊಂಡೆ.

ರಾತ್ರಿ ಹನ್ನೊಂದಕ್ಕೆ, ಸಿನ್ಯೋರಾ ಗೊರಕೆ ಹಿಡಿದ ಮೇಲೆ,
ಅಡುಗೆಮನೆಯ ಮೇಜಿಗೆ ಕೂತು ಬರೆದೆ:
ರಸೀದಿಯಿಲ್ಲದ ಒಂದು ಕಾಸಿಗೂ ನಾನು ಹೊಣೆಯಲ್ಲ.
ಇನ್ನು ಮೇಲೆ ಪ್ರತಿಯೊಂದಕ್ಕೂ ಫೋಟೋ ಬೇಕು, ತಾರೀಖಿನ ಸಮೇತ.
ನಂಬಿಕೆ ಅನ್ನುವುದೊಂದು

ಪೆನ್ನು ನಿಂತಿತು. ಈ ಮಾತು ನನ್ನದಲ್ಲ.
ರುಜ್ಜೇರೊನದು. ಸಿನ್ಯೋರಾಳ ಮಗ, ಮಿಲಾನಿನಲ್ಲಿದ್ದಾನೆ.
ತಿಂಗಳಿಗೊಂದು ಫೋನು:
ಅಮ್ಮ ಹೇಗಿದ್ದಾಳೆ ಎಂದು ಅರ್ಧ ನಿಮಿಷ,
ಅಂಜೂರಕ್ಕೆ ಆರು ಯೂರೋ ಹೇಗಾಯಿತು ಎಂದು ಇಪ್ಪತ್ತು ನಿಮಿಷ.
ಹೇಳಿಬಿಡುತ್ತೇನೆ. ಅಂಜೂರಕ್ಕೆ ಮೂರೇ.
ಉಳಿದ ಮೂರು ನನ್ನ ಕೂದಲಿನ ಬಣ್ಣಕ್ಕೆ.
ಡಬ್ಬಿಯಲ್ಲಿ ಒಂದಿಷ್ಟು ಮಿಕ್ಕಿತ್ತು, ಸಿನ್ಯೋರಾಳಿಗೂ ಹಚ್ಚಿದೆ,
ಕನ್ನಡಿ ಕೇಳಿ ತರಿಸಿಕೊಂಡು
ಮಧ್ಯಾಹ್ನವೆಲ್ಲ ಹಿಡಿದು ಕೂತಿದ್ದಳು.
ಅದನ್ನು ಯಾವ ತಲೆಬರಹದಡಿ ಬರೆಯಲಿ?

ಹಾಗಾದರೆ ನಾನೂ ಬೇಲಿಯೇ,
ಮುಳ್ಳೂ ಇದೆ, ಹಸಿವೂ ಇದೆ.
ಅದಕ್ಕೆ ಅವನನ್ನು ಕ್ಷಮಿಸಿದೆನೆ? ಇಲ್ಲ.
ಮೂರು ಯೂರೋ ಬೇರೆ, ಮೂರು ತಿಂಗಳ ಬಾಡಿಗೆ ಬೇರೆ.
ಇಪ್ಪತ್ತೆರಡು ವರ್ಷ ಮಕ್ಕಳಿಗೆ ಗಣಿತ ಕಲಿಸಿದವಳು ನಾನು,
ಇಷ್ಟು ವ್ಯತ್ಯಾಸ ತಿಳಿಯುತ್ತದೆ.
ಕಾಗದ ಮಾತ್ರ ಹರಿದು ಹಾಕಿದೆ.

ಬೆಳಿಗ್ಗೆ ಫೋನು ಮಾಡಿದೆ. ತುಂಬ ಹೊತ್ತು ರಿಂಗಾಯಿತು.
ಅವನು ಎತ್ತಿದಾಗ ಹಿಂದೆ ತೊಟ್ಟಿಕ್ಕುವ ಸದ್ದು, ಮಗುವಿನ ಕೆಮ್ಮು,
ಯಾರೋ ಹೆಂಗಸು, "ಈ ಹಾಳು ನಲ್ಲಿ ಮತ್ತೆ ನಿಲ್ತಾ ಇಲ್ಲ"—
ಅಷ್ಟರಲ್ಲಿ ಅಂಗೈಯೊಂದು ಫೋನಿನ ಬಾಯಿ ಮುಚ್ಚಿತು.

ಅಂದರೆ ನಲ್ಲಿಯ ಲೆಕ್ಕ ನಿಜ!
ಎಲ್ಲ ಸುಳ್ಳಿನ ನಡುವೆ, ನಾನು ನಂಬದೇ ಹೋದ ಒಂದೇ ಸಾಲು.

"ಮಾಲ್ಖಾಜ್, ಒಂದು ಕೆಲಸ ಮಾಡು," ಎಂದೆ.
"ಕಿಟಕಿಯಿಂದ ಕತ್ತು ಚಾಚಿ ನೋಡು. ನದಿ ಕಾಣುತ್ತದಾ?"

ಅವನು ಉಸಿರು ಬಿಟ್ಟ.
ಇತ್ತ ಒಳಕೋಣೆಯಲ್ಲಿ ಸಿನ್ಯೋರಾ ಗಂಟೆ ಬಾರಿಸಿದಳು.
ಅತ್ತ ಚಪ್ಪಲಿ ಎಳೆದ ಸದ್ದು, ತುಕ್ಕು ಹಿಡಿದ ಚಿಲಕ, ಗಾಳಿ.
"ಕಾಣುತ್ತೆ," ಎಂದ. "ಸ್ವಲ್ಪವೇ. ನೀರು ಏರಿದೆ, ಕೆಂಪಗಿದೆ."

"ಸರಿ," ಎಂದೆ. "ಬಾಡಿಗೆ ಡಿಸೆಂಬರಿನಿಂದ."